ಎಲೆಕ್ಟ್ರಾನ್ ಸ್ಪಿನ್ ಅನ್ನು ಬೇರೆ ಬೇರೆ ಅಕ್ಷಗಳಲ್ಲಿ ಅಳೆಯುವುದು: ಮೊದಲಿಂದ ಕೊನೆವರೆಗೆ ಲೆಕ್ಕ

ಒಂದು ಎಲೆಕ್ಟ್ರಾನ್ ಇದೆ ಅಂದುಕೊಳ್ಳಿ. ಸ್ಪಿನ್ ಅಂದರೆ ಎಲೆಕ್ಟ್ರಾನ್‌ಗೆ ತನ್ನದೇ ಆಗಿ ಇರುವ ಕೋನೀಯ ಸಂವೇಗ, ಅದರಿಂದಾಗಿ ಎಲೆಕ್ಟ್ರಾನ್ ಪುಟ್ಟ ಕಾಂತದಂತೆ ವರ್ತಿಸುತ್ತದೆ. ಝೆಡ್ ಅಕ್ಷದಲ್ಲಿ ಈ ಸ್ಪಿನ್ ಮೇಲಕ್ಕಿದೆ ಅಂತ ಖಚಿತವಾಗಿ ಗೊತ್ತು. ಈಗ ಝೆಡ್‌ನಿಂದ 60 ಡಿಗ್ರಿ ವಾಲಿದ ಇನ್ನೊಂದು ಅಕ್ಷದಲ್ಲಿ ಅದೇ ಸ್ಪಿನ್ ಅಳೆಯುತ್ತೀರಿ. ಏನು ಸಿಗಬೇಕು?

ಸ್ಪಿನ್ ಒಂದು ಪುಟ್ಟ ಬಾಣ ಆಗಿದ್ದರೆ ಉತ್ತರ ಸುಲಭ. 60 ಡಿಗ್ರಿಯ ಕೊಸೈನ್ 0.5. ಹಾಗಾಗಿ ಪೂರ್ತಿ ಬೆಲೆಯ ಅರ್ಧ ಸಿಗಬೇಕು. ಆದರೆ ಪ್ರಯೋಗದಲ್ಲಿ ಆ ಅರ್ಧ ಒಂದು ಸಲವೂ ಕಾಣಿಸುವುದಿಲ್ಲ. ಸಿಕ್ಕರೆ ಪೂರ್ತಿ ಪ್ಲಸ್, ಇಲ್ಲವೇ ಪೂರ್ತಿ ಮೈನಸ್. ಇದೇ ಸ್ಥಿತಿಯಲ್ಲಿರುವ ಸಾವಿರಾರು ಎಲೆಕ್ಟ್ರಾನ್‌ಗಳನ್ನು ಅಳೆದರೆ ನೂರಕ್ಕೆ ಸುಮಾರು 75 ಸಲ ಪ್ಲಸ್, 25 ಸಲ ಮೈನಸ್ ಬರುತ್ತದೆ. ಸರಾಸರಿ ತೆಗೆಯಿರಿ: 0.75 − 0.25 = 0.5. ಬಾಣದ ಲೆಕ್ಕ ಸರಾಸರಿಯಲ್ಲಿ ಮಾತ್ರ ನಿಜ. ಒಂದೊಂದು ಎಲೆಕ್ಟ್ರಾನ್ ಮಟ್ಟದಲ್ಲಿ ಅದು ನಡೆಯುವುದಿಲ್ಲ.

ಆ 75 ಎಲ್ಲಿಂದ ಬಂತು? 60ರ ಅರ್ಧ 30. ಅದರ ಕೊಸೈನ್ 0.866. ಅದರ ವರ್ಗ 0.75. ಈ ಅರ್ಧ ಕೋನವೇ ಇಡೀ ವಿಷಯದ ಜೀವಾಳ. ಇದು ಎಲ್ಲಿಂದ ಬರುತ್ತದೆ, ಇದನ್ನು ಹೇಗೆ ಬಳಸಬೇಕು ಅನ್ನುವುದು ಕೈವಶವಾದರೆ ಸ್ಪಿನ್ ಬಗ್ಗೆ ಪರೀಕ್ಷೆಯಲ್ಲಿ ಕೇಳುವ ಬಹುಪಾಲು ಲೆಕ್ಕಗಳನ್ನು ನೀವೇ ಮಾಡಬಹುದು. ಬೇಕಾಗುವುದು ಎರಡಕ್ಕೆರಡರ ಮ್ಯಾಟ್ರಿಕ್ಸ್ ಗುಣಾಕಾರ ಮತ್ತು ಕಾಂಪ್ಲೆಕ್ಸ್ ಸಂಖ್ಯೆಯ ಪರಿಚಯ, ಅಷ್ಟೇ. ಕ್ವಾಂಟಮ್ ಮೆಕ್ಯಾನಿಕ್ಸ್ ಕಲಿಯುವವರು ಸ್ಪಿನ್‌ನಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಇಂಟಿಗ್ರೇಷನ್ ಇಲ್ಲ, ಡಿಫರೆನ್ಷಿಯಲ್ ಸಮೀಕರಣ ಇಲ್ಲ. ಎರಡೇ ಎರಡು ಸಂಖ್ಯೆ. ಆದರೂ ಕ್ವಾಂಟಮ್ ಲೋಕದ ವಿಚಿತ್ರಗಳೆಲ್ಲ ಇಲ್ಲೇ ಇವೆ.

ಮೊದಲು ಉಪಕರಣ: ಅಕ್ಷ ಅಂದರೆ ಏನು?

"ಎಕ್ಸ್ ಅಕ್ಷದಲ್ಲಿ ಅಳೆದೆವು" ಅನ್ನುವಾಗ ಲ್ಯಾಬ್‌ನಲ್ಲಿ ನಿಜವಾಗಿ ಏನು ನಡೆಯುತ್ತದೆ? ಇದು ಗೊತ್ತಿಲ್ಲದೆ ಲೆಕ್ಕಕ್ಕೆ ಇಳಿದರೆ ಸಂಕೇತಗಳ ನಡುವೆ ದಾರಿ ತಪ್ಪುತ್ತದೆ.

1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಟೋ ಸ್ಟರ್ನ್ ಮತ್ತು ವಾಲ್ಟರ್ ಗೆರ್ಲಾಕ್ ಬೆಳ್ಳಿಯನ್ನು ಕುಲುಮೆಯಲ್ಲಿ ಕಾಯಿಸಿ, ಅದರ ಪರಮಾಣುಗಳನ್ನು ಸಣ್ಣ ಸೀಳುಗಳ ಮೂಲಕ ತೆಳ್ಳನೆಯ ಕಿರಣವಾಗಿ ಹರಿಸಿದರು. ಆ ಕಿರಣ ಒಂದು ಕಾಂತದ ನಡುವೆ ಹಾದು ಗಾಜಿನ ಫಲಕದ ಮೇಲೆ ಬೀಳುತ್ತಿತ್ತು. ಕಾಂತದ ಒಂದು ಧ್ರುವ ಅಂಚಿನಂತೆ ಚೂಪು, ಇನ್ನೊಂದರಲ್ಲಿ ತೋಡು. ಹಾಗಾಗಿ ಕ್ಷೇತ್ರ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಈ ಏರುಪೇರು ಇರಲೇಬೇಕು. ಎಲ್ಲ ಕಡೆ ಒಂದೇ ಸಮನಾದ ಕ್ಷೇತ್ರ ಇದ್ದರೆ ಸ್ಪಿನ್ ಆ ಕ್ಷೇತ್ರದ ಸುತ್ತ ತಿರುಗುತ್ತದೆ, ಪರಮಾಣು ಪಕ್ಕಕ್ಕೆ ಸರಿಯುವುದಿಲ್ಲ. ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾದಾಗ ಮಾತ್ರ ಬಲ ಹುಟ್ಟುತ್ತದೆ. ಫಲಕದ ಮೇಲೆ ಒಂದೇ ಅಗಲ ಪಟ್ಟಿ ಮೂಡಲಿಲ್ಲ. ನಡುವೆ ಖಾಲಿ ಬಿಟ್ಟು ಎರಡು ಗುರುತು ಮೂಡಿದವು. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ಅಂತರ.

ಅವರಿಗೆ ಆಗ ಸ್ಪಿನ್ ಅನ್ನುವ ಕಲ್ಪನೆಯೇ ಇರಲಿಲ್ಲ ಅನ್ನುವುದು ಗಮನಿಸಬೇಕಾದ ಮಾತು. ಎಲೆಕ್ಟ್ರಾನ್ ಸ್ಪಿನ್ ಅನ್ನು ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಮುಂದಿಟ್ಟದ್ದು 1925ರಲ್ಲಿ. ಅಂದರೆ ಸ್ಪಿನ್ ಅಳತೆ ಮೊದಲು ನಡೆಯಿತು, ಅಳೆದದ್ದು ಏನು ಅಂತ ಆಮೇಲೆ ತಿಳಿಯಿತು.

ಬೆಳ್ಳಿಯೇ ಯಾಕೆ, ಬರೀ ಎಲೆಕ್ಟ್ರಾನ್ ಯಾಕೆ ಅಲ್ಲ? ಎಲೆಕ್ಟ್ರಾನ್‌ಗೆ ವಿದ್ಯುತ್ ಚಾರ್ಜ್ ಇದೆ. ಅದು ಕಾಂತಕ್ಷೇತ್ರದಲ್ಲಿ ಓಡಿದರೆ ಚಾರ್ಜ್‌ನಿಂದಾಗಿಯೇ ಬಾಗುತ್ತದೆ. ಆ ಬಾಗುವಿಕೆಯ ಮುಂದೆ ಸ್ಪಿನ್‌ನ ಪುಟ್ಟ ಪರಿಣಾಮ ಮುಚ್ಚಿಹೋಗುತ್ತದೆ. ಬೆಳ್ಳಿಯ ಪರಮಾಣುವಿಗೆ ಒಟ್ಟು ಚಾರ್ಜ್ ಇಲ್ಲ. ಅದರ 47 ಎಲೆಕ್ಟ್ರಾನ್‌ಗಳಲ್ಲಿ 46ರ ಕಾಂತಗುಣ ಒಂದಕ್ಕೊಂದು ರದ್ದಾಗಿ, ಹೊರಗಿನ ಒಂದೇ ಒಂದು ಎಲೆಕ್ಟ್ರಾನ್‌ನ ಸ್ಪಿನ್ ಉಳಿಯುತ್ತದೆ. ಪರಮಾಣು ಅದನ್ನು ಹೊತ್ತು ಸಾಗುವ ವಾಹನ ಇದ್ದಂತೆ.

ಈಗ ಅಕ್ಷದ ಮಾತು. ಕ್ಷೇತ್ರ ಮತ್ತು ಅದರ ಏರಿಳಿತ ಯಾವ ದಿಕ್ಕಿನಲ್ಲಿದೆಯೋ ಅದೇ ಅಳತೆಯ ಅಕ್ಷ. ಕಾಂತವನ್ನು ತಿರುಗಿಸಿದರೆ ಅಕ್ಷ ಬದಲಾಯಿತು. ಕಿರಣ ವೈ ದಿಕ್ಕಿನಲ್ಲಿ ಹೋಗುತ್ತಿದ್ದರೆ ಕಾಂತವನ್ನು ಝೆಡ್‌ಗೆ ತಿರುಗಿಸಬಹುದು, ಎಕ್ಸ್‌ಗೆ ತಿರುಗಿಸಬಹುದು, ನಡುವಿನ ಯಾವ ಕೋನಕ್ಕಾದರೂ ತಿರುಗಿಸಬಹುದು. ವೈ ಮಾತ್ರ ಕಷ್ಟ, ಯಾಕೆಂದರೆ ಅದು ಕಿರಣ ಸಾಗುವ ದಿಕ್ಕೇ. ಅದಕ್ಕೆ ಬೇರೆ ಉಪಾಯ ಬೇಕು, ಮುಂದೆ ಬರುತ್ತದೆ.

ಒಂದು ಎಚ್ಚರಿಕೆ. ಎಲೆಕ್ಟ್ರಾನ್‌ನ ಚಾರ್ಜ್ ಮೈನಸ್ ಆದ್ದರಿಂದ ಅದರ ಕಾಂತದ ದಿಕ್ಕು ಸ್ಪಿನ್‌ಗೆ ವಿರುದ್ಧ. ಮೇಲಕ್ಕೆ ಬಾಗಿದ ಕಿರಣವೆಲ್ಲ ಮೇಲ್ಮುಖ ಸ್ಪಿನ್ ಅಂತ ಸುಮ್ನೆ ಅಂದುಕೊಳ್ಳಬೇಡಿ. ಕ್ಷೇತ್ರ ಯಾವ ಕಡೆ ಹೆಚ್ಚುತ್ತದೆ ಅಂತ ನೋಡಿ, ಯಾವ ಕಿರಣ ಪ್ಲಸ್ ಅಂತ ಮೊದಲೇ ಗುರುತು ಹಾಕಿಕೊಳ್ಳಿ.

ಹೆಜ್ಜೆ 1: ಸ್ಥಿತಿಯನ್ನು ಎರಡು ಸಂಖ್ಯೆಯಲ್ಲಿ ಬರೆಯಿರಿ

ಝೆಡ್ ಅಕ್ಷದಲ್ಲಿ ಅಳೆದರೆ ಖಂಡಿತ ಪ್ಲಸ್ ಬರುವ ಸ್ಥಿತಿಗೆ |ಝೆಡ್+⟩ ಅನ್ನೋಣ. ಖಂಡಿತ ಮೈನಸ್ ಬರುವುದಕ್ಕೆ |ಝೆಡ್−⟩. ಇವೆರಡೇ ನಮ್ಮ ಬೇಸಿಸ್, ಅಂದರೆ ಉಳಿದೆಲ್ಲ ಸ್ಥಿತಿಗಳನ್ನು ಬರೆಯಲು ಆಧಾರ. ಯಾವ ಸ್ಥಿತಿಯನ್ನಾದರೂ ಹೀಗೆ ಬರೆಯಬಹುದು:

|ಸ್ಥಿತಿ⟩ = ಎ |ಝೆಡ್+⟩ + ಬಿ |ಝೆಡ್−⟩

ಎ ಮತ್ತು ಬಿ ಕಾಂಪ್ಲೆಕ್ಸ್ ಸಂಖ್ಯೆಗಳು. ಎರಡರ ಅಳತೆಯ (ಅಂದರೆ ಮಾಡ್ಯುಲಸ್‌ನ) ವರ್ಗ ಕೂಡಿದರೆ 1 ಬರಬೇಕು. ಬರದಿದ್ದರೆ ಮೊದಲು ಎ, ಬಿ ಎರಡನ್ನೂ ಆ ಮೊತ್ತದ ವರ್ಗಮೂಲದಿಂದ ಭಾಗಿಸಿ 1 ಮಾಡಿಕೊಳ್ಳಿ. ಈ ಕೆಲಸ ಬಿಟ್ಟು ಮುಂದೆ ಹೋದರೆ ಕೊನೆಯಲ್ಲಿ ಸಂಭವನೀಯತೆ 1ಕ್ಕಿಂತ ಜಾಸ್ತಿ ಬಂದು ತಲೆ ಕೆಡುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಇದು. ಜಾಗದಲ್ಲಿ ಮೇಲೆ ಮತ್ತು ಕೆಳಗೆ 180 ಡಿಗ್ರಿ ದೂರ. ಆದರೆ ಸ್ಥಿತಿಗಳ ಲೆಕ್ಕದಲ್ಲಿ |ಝೆಡ್+⟩ ಮತ್ತು |ಝೆಡ್−⟩ ಒಂದಕ್ಕೊಂದು ಲಂಬ, ಅಂದರೆ 90 ಡಿಗ್ರಿ. ಜಾಗದ 180 ಇಲ್ಲಿ 90 ಆಯಿತು. ಅರ್ಧ ಕೋನದ ಬೇರು ಇದೇ.

ಹೆಜ್ಜೆ 2: ಅಕ್ಷಕ್ಕೆ ತಕ್ಕ ಮ್ಯಾಟ್ರಿಕ್ಸ್

ಪ್ರತಿ ಅಕ್ಷಕ್ಕೂ ಒಂದು ಮ್ಯಾಟ್ರಿಕ್ಸ್ ಇದೆ. ಇವು ವೋಲ್ಫ್‌ಗಾಂಗ್ ಪೌಲಿ 1927ರಲ್ಲಿ ಕೊಟ್ಟವು.

ಸಿಗ್ಮಾ-ಝೆಡ್: ಮೊದಲ ಸಾಲು (1, 0), ಎರಡನೇ ಸಾಲು (0, −1)
ಸಿಗ್ಮಾ-ಎಕ್ಸ್: ಮೊದಲ ಸಾಲು (0, 1), ಎರಡನೇ ಸಾಲು (1, 0)
ಸಿಗ್ಮಾ-ವೈ: ಮೊದಲ ಸಾಲು (0, −ಐ), ಎರಡನೇ ಸಾಲು (ಐ, 0)

ಐ ಅಂದರೆ −1ರ ವರ್ಗಮೂಲ. ನಿಜವಾದ ಸ್ಪಿನ್ ಬೇಕಾದರೆ ಇವನ್ನು ಎಚ್-ಬಾರ್/2ರಿಂದ ಗುಣಿಸಿ. ಎಚ್-ಬಾರ್ ಅಂದರೆ ಪ್ಲಾಂಕ್ ಸ್ಥಿರಾಂಕವನ್ನು 2π ಯಿಂದ ಭಾಗಿಸಿದ್ದು, ಅದರ ಬೆಲೆ ಸುಮಾರು 1.055 × 10⁻³⁴ ಜೂಲ್-ಸೆಕೆಂಡ್. ಲೆಕ್ಕ ಮಾಡುವಾಗ ಅದನ್ನು ಪಕ್ಕಕ್ಕಿಟ್ಟು ಬರೀ +1, −1 ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು. ಕೊನೆಯಲ್ಲಿ ಒಮ್ಮೆ ಗುಣಿಸಿದರೆ ಸಾಕು.

ಯಾವ ಮ್ಯಾಟ್ರಿಕ್ಸ್ ತೆಗೆದುಕೊಂಡರೂ ಐಗನ್ ಬೆಲೆಗಳು +1 ಮತ್ತು −1 ಮಾತ್ರ. ಮ್ಯಾಟ್ರಿಕ್ಸ್ ಒಂದು ಸ್ಥಿತಿಯನ್ನು ಬರೀ ಒಂದು ಸಂಖ್ಯೆಯಿಂದ ಗುಣಿಸಿ ಬಿಟ್ಟರೆ ಆ ಸಂಖ್ಯೆ ಐಗನ್ ಬೆಲೆ, ಆ ಸ್ಥಿತಿ ಐಗನ್ ಸ್ಥಿತಿ. ಅಳತೆಯಲ್ಲಿ ಎರಡೇ ಉತ್ತರ ಬರುವುದು ಇದರಿಂದಲೇ.

ಹೆಜ್ಜೆ 3: ಆ ಅಕ್ಷದ ಎರಡು ಸ್ಥಿತಿಗಳು

ಎಕ್ಸ್‌ಗೆ:
|ಎಕ್ಸ್+⟩ = (|ಝೆಡ್+⟩ + |ಝೆಡ್−⟩)/√2
|ಎಕ್ಸ್−⟩ = (|ಝೆಡ್+⟩ − |ಝೆಡ್−⟩)/√2

ವೈಗೆ:
|ವೈ+⟩ = (|ಝೆಡ್+⟩ + ಐ |ಝೆಡ್−⟩)/√2
|ವೈ−⟩ = (|ಝೆಡ್+⟩ − ಐ |ಝೆಡ್−⟩)/√2

ಈ ನಾಲ್ಕನ್ನೂ ಸ್ವಲ್ಪ ಹೊತ್ತು ನೋಡಿ. ಯಾವುದನ್ನು ಝೆಡ್‌ನಲ್ಲಿ ಅಳೆದರೂ ಅರ್ಧಕ್ಕರ್ಧ. ಆ ಅಳತೆಗೆ ನಾಲ್ಕೂ ಒಂದೇ. ಆದರೆ ನಾಲ್ಕೂ ಬೇರೆ ಬೇರೆ ದಿಕ್ಕು ತೋರಿಸುತ್ತವೆ. ವ್ಯತ್ಯಾಸ ಇರುವುದು ಎರಡನೇ ಸಂಖ್ಯೆಯ ಫೇಸ್‌ನಲ್ಲಿ, ಅಂದರೆ ಕಾಂಪ್ಲೆಕ್ಸ್ ಸಂಖ್ಯೆಯ ಕೋನದಲ್ಲಿ: +1, −1, +ಐ, −ಐ. ಕಾಂಪ್ಲೆಕ್ಸ್ ಸಂಖ್ಯೆ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಅದು ಇಲ್ಲದಿದ್ದರೆ ಎಕ್ಸ್ ಮತ್ತು ಝೆಡ್ ಜೊತೆಗೆ ವೈಗೆ ಜಾಗವೇ ಇರುತ್ತಿರಲಿಲ್ಲ. ಇಡೀ ಸ್ಥಿತಿಯನ್ನು ಒಂದೇ ಫೇಸ್‌ನಿಂದ ಗುಣಿಸಿದರೆ ಏನೂ ಬದಲಾಗದು. ಎ ಮತ್ತು ಬಿ ನಡುವಿನ ಫೇಸ್ ಬದಲಾದರೆ ಮಾತ್ರ ದಿಕ್ಕು ಬದಲಾಗುತ್ತದೆ.

ಯಾವುದೋ ಓರೆ ಅಕ್ಷ ಬೇಕಾದರೆ ಅದು ಝೆಡ್‌ನಿಂದ ಎಷ್ಟು ವಾಲಿದೆ ಅನ್ನುವುದು ಥೀಟಾ, ಎಕ್ಸ್‌ನಿಂದ ವೈ ಕಡೆಗೆ ಎಷ್ಟು ತಿರುಗಿದೆ ಅನ್ನುವುದು ಫೈ. ಆಗ:

|ಅಕ್ಷ+⟩ = ಕೊಸೈನ್(ಥೀಟಾ/2) |ಝೆಡ್+⟩ + ಫೇಸ್ × ಸೈನ್(ಥೀಟಾ/2) |ಝೆಡ್−⟩
|ಅಕ್ಷ−⟩ = ಸೈನ್(ಥೀಟಾ/2) |ಝೆಡ್+⟩ − ಫೇಸ್ × ಕೊಸೈನ್(ಥೀಟಾ/2) |ಝೆಡ್−⟩

ಇಲ್ಲಿ ಫೇಸ್ ಅಂದರೆ (ಕೊಸೈನ್ ಫೈ + ಐ ಸೈನ್ ಫೈ). ಥೀಟಾ 90, ಫೈ 90 ಹಾಕಿ ನೋಡಿ. ಮೇಲಿನ |ವೈ+⟩ ಹಾಗೇ ಬರುತ್ತದೆ. ಸೂತ್ರವನ್ನು ಉರು ಹೊಡೆಯುವ ಬದಲು ಹೀಗೆ ಗೊತ್ತಿರುವ ಅಕ್ಷಗಳಿಗೆ ಹಾಕಿ ಪರೀಕ್ಷೆ ಮಾಡಿಕೊಳ್ಳಿ, ಆಮೇಲೆ ಮರೆಯುವುದಿಲ್ಲ.

ಹೆಜ್ಜೆ 4: ಸಂಭವನೀಯತೆ

ನಿಯಮ ಒಂದೇ. ಅಳೆಯುವ ಅಕ್ಷದ ಸ್ಥಿತಿ ಮತ್ತು ನಿಮ್ಮ ಸ್ಥಿತಿ, ಇವೆರಡರ ಇನ್ನರ್ ಪ್ರಾಡಕ್ಟ್ ತೆಗೆಯಿರಿ, ಅಂದರೆ ಮೊದಲ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿ, ಎರಡನೆಯವನ್ನೂ ಗುಣಿಸಿ, ಕೂಡಿ. ಅದರ ಅಳತೆಯ ವರ್ಗವೇ ಸಂಭವನೀಯತೆ. ಇನ್ನರ್ ಪ್ರಾಡಕ್ಟ್ ತೆಗೆಯುವಾಗ ಅಕ್ಷದ ಸ್ಥಿತಿಯ ಸಂಖ್ಯೆಗಳನ್ನು ಕಾಂಜುಗೇಟ್ ಮಾಡಬೇಕು, ಅಂದರೆ ಐ ಇದ್ದಲ್ಲಿ −ಐ ಹಾಕಬೇಕು.

ಒಂದು ಲೆಕ್ಕವನ್ನು ಪೂರ್ತಿ ಮಾಡೋಣ. ಸ್ಥಿತಿ ಇದು:

|ಸ್ಥಿತಿ⟩ = (3/5) |ಝೆಡ್+⟩ + (4ಐ/5) |ಝೆಡ್−⟩

9/25 + 16/25 = 1. ಸರಿಯಾಗಿದೆ.

ಝೆಡ್‌ನಲ್ಲಿ: ಪ್ಲಸ್ ಬರುವ ಸಂಭವ 9/25 = 0.36. ಮೈನಸ್ 0.64.

ಎಕ್ಸ್‌ನಲ್ಲಿ: ಇನ್ನರ್ ಪ್ರಾಡಕ್ಟ್ (3/5 + 4ಐ/5)/√2. ಮೇಲಿನ ಸಂಖ್ಯೆಯ ಅಳತೆಯ ವರ್ಗ 9/25 + 16/25 = 1. ಎರಡರಿಂದ ಭಾಗಿಸಿದರೆ 0.5. ಪ್ಲಸ್, ಮೈನಸ್ ಸಮ ಸಮ.

ವೈನಲ್ಲಿ: |ವೈ+⟩ ಸಂಖ್ಯೆಗಳು 1 ಮತ್ತು ಐ. ಕಾಂಜುಗೇಟ್ ಮಾಡಿದರೆ 1 ಮತ್ತು −ಐ. ಈಗ (−ಐ) × (4ಐ/5) = 4/5. ಹಾಗಾಗಿ ಇನ್ನರ್ ಪ್ರಾಡಕ್ಟ್ (3/5 + 4/5)/√2 = 7/(5√2). ವರ್ಗ 49/50 = 0.98. ಮೈನಸ್‌ಗೆ ಉಳಿದದ್ದು 0.02.

ಕಾಂಜುಗೇಟ್ ಮರೆತರೆ ಏನಾಗುತ್ತದೆ ನೋಡಿ. ಐ × 4ಐ/5 = −4/5 ಆಗಿ, ಉತ್ತರ 1/50 ಬರುತ್ತದೆ. 0.98 ಇರಬೇಕಾದ ಕಡೆ 0.02! ಸಣ್ಣ ವ್ಯತ್ಯಾಸ ಅಲ್ಲ, ದಿಕ್ಕೇ ತಲೆಕೆಳಗು. ಎಕ್ಸ್ ಮತ್ತು ಝೆಡ್ ಲೆಕ್ಕಗಳಲ್ಲಿ ಅಕ್ಷದ ಸಂಖ್ಯೆಗಳೆಲ್ಲ ರಿಯಲ್ ಆದ್ದರಿಂದ ಈ ತಪ್ಪು ಅಲ್ಲಿ ಸಿಕ್ಕಿಬೀಳುವುದಿಲ್ಲ. ವೈನಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಅಭ್ಯಾಸಕ್ಕೆ ವೈ ಲೆಕ್ಕಗಳನ್ನೇ ಜಾಸ್ತಿ ಮಾಡಿ.

ಹೆಜ್ಜೆ 5: ಸರಾಸರಿ ತೆಗೆದು ಬಾಣ ಹುಡುಕಿ

ಪ್ರತಿ ಅಕ್ಷದಲ್ಲೂ ಪ್ಲಸ್ ಸಂಭವದಿಂದ ಮೈನಸ್ ಸಂಭವ ಕಳೆಯಿರಿ. ನಮ್ಮ ಸ್ಥಿತಿಗೆ ಎಕ್ಸ್ 0, ವೈ 0.96, ಝೆಡ್ −0.28. ಮೂರರ ವರ್ಗ ಕೂಡಿ: 0 + 0.9216 + 0.0784 = 1. ಇದು ಕಾಕತಾಳೀಯ ಅಲ್ಲ. ಎ, ಬಿ ಎರಡು ಸಂಖ್ಯೆಯಲ್ಲಿ ಬರೆಯಬಹುದಾದ ಯಾವ ಸ್ಥಿತಿಗಾದರೂ ಈ ಮೊತ್ತ 1 ಬರಲೇಬೇಕು. ಲೆಕ್ಕ ಸರಿಯಿದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಅಂದರೆ (0, 0.96, −0.28) ಅನ್ನುವ ಒಂದು ದಿಕ್ಕು ಸಿಕ್ಕಿತು. ಝೆಡ್‌ನಿಂದ ಸುಮಾರು 106.3 ಡಿಗ್ರಿ ವಾಲಿ ವೈ ಕಡೆ ತಿರುಗಿದ ದಿಕ್ಕು. ಕಾಂತವನ್ನು ಸರಿಯಾಗಿ ಆ ದಿಕ್ಕಿಗೆ ಇಟ್ಟು ಅಳೆದರೆ ಪ್ರತಿ ಸಲವೂ ಪ್ಲಸ್ ಬರುತ್ತದೆ, ಒಂದೂ ತಪ್ಪುವುದಿಲ್ಲ. ಇಂಥ ಪ್ರತಿ ಸ್ಥಿತಿಗೂ ಖಚಿತ ಉತ್ತರ ಕೊಡುವ ಒಂದು ಅಕ್ಷ ಇದ್ದೇ ಇರುತ್ತದೆ. ಬೇರೆ ಅಕ್ಷಗಳಲ್ಲಿ ಮಾತ್ರ ಅನಿಶ್ಚಿತತೆ.

ಹೀಗೆ ದಿಕ್ಕು ಗೊತ್ತಾದ ಮೇಲೆ ಲೆಕ್ಕ ಇನ್ನೂ ಸುಲಭ. ಸ್ಥಿತಿಯ ದಿಕ್ಕು ಮತ್ತು ಅಳತೆಯ ಅಕ್ಷದ ನಡುವಿನ ಕೋನದ ಅರ್ಧ ತೆಗೆದುಕೊಂಡು, ಕೊಸೈನ್ ವರ್ಗ ಮಾಡಿದರೆ ಪ್ಲಸ್ ಸಂಭವ. 30 ಡಿಗ್ರಿಗೆ 0.933, 45ಕ್ಕೆ 0.854, 60ಕ್ಕೆ 0.75, 90ಕ್ಕೆ 0.5, 120ಕ್ಕೆ 0.25, 180ಕ್ಕೆ ಸೊನ್ನೆ. ಆರಂಭದಲ್ಲಿ ನೋಡಿದ 75 ಇದೇ ಸಾಲಿನದು.

ಹೆಜ್ಜೆ 6: ಅಳೆದ ಮೇಲೆ ಸ್ಥಿತಿ ಬದಲಾಯಿಸಿ ಬರೆಯಿರಿ

ಕಲಿಯುವವರು ಬಹಳ ಸಲ ಎಡವುವ ಜಾಗ ಇದು. ಎಕ್ಸ್‌ನಲ್ಲಿ ಅಳೆದು ಪ್ಲಸ್ ಬಂದರೆ ಸ್ಥಿತಿ ಈಗ |ಎಕ್ಸ್+⟩. ಹಳೆಯ ಎ, ಬಿ ಎರಡನ್ನೂ ಮರೆತುಬಿಡಿ. ಮುಂದಿನ ಅಳತೆಗೆ ಹೊಸ ಸ್ಥಿತಿಯಿಂದಲೇ ಲೆಕ್ಕ ಶುರು.

ಸಾವಿರ ಪರಮಾಣುಗಳು |ಝೆಡ್+⟩ ಸ್ಥಿತಿಯಲ್ಲಿವೆ ಅನ್ನೋಣ. ಅವನ್ನು ಎಕ್ಸ್ ಉಪಕರಣಕ್ಕೆ ಕಳಿಸಿದರೆ ಸುಮಾರು 500 ಪ್ಲಸ್ ಕಡೆ, 500 ಮೈನಸ್ ಕಡೆ. ಮೈನಸ್ ಕಡೆಯದನ್ನು ತಡೆಯಿರಿ. ಉಳಿದ 500ನ್ನು ಮತ್ತೆ ಝೆಡ್‌ನಲ್ಲಿ ಅಳೆಯಿರಿ. ಸುಮಾರು 250 ಮೇಲೆ, 250 ಕೆಳಗೆ. ಶುರುವಿನಲ್ಲಿ ಕೆಳಗಿನವು ಒಂದೂ ಇರಲಿಲ್ಲ. ಎಕ್ಸ್ ಅಳತೆ ನಡೆದದ್ದೇ ತಡ, ಝೆಡ್ ಬಗ್ಗೆ ಮೊದಲು ಗೊತ್ತಿದ್ದದ್ದು ಅಳಿಸಿಹೋಯಿತು. ಎಕ್ಸ್ ಉಪಕರಣ ಒರಟಾಗಿದ್ದರಿಂದ ಹೀಗಾಯಿತು ಅಂತಲ್ಲ. ಎಷ್ಟೇ ನಾಜೂಕಾದ ಉಪಕರಣ ಮಾಡಿದರೂ ಇದೇ ಉತ್ತರ.

ಈಗ ಇನ್ನೊಂದು. ಎಕ್ಸ್ ಉಪಕರಣದಿಂದ ಹೊರಬಂದ ಎರಡೂ ಕಿರಣಗಳನ್ನು, ಯಾವ ಪರಮಾಣು ಯಾವ ದಾರಿಯಲ್ಲಿ ಹೋಯಿತು ಅನ್ನುವ ಗುರುತು ಎಲ್ಲೂ ಉಳಿಯದಂತೆ, ಮತ್ತೆ ಒಂದು ಮಾಡಿದರೆ? ಅರ್ಧ ಅರ್ಧ ಅಂದುಕೊಂಡಿರಾ? ಲೆಕ್ಕ ಹಾಕಿ: (|ಎಕ್ಸ್+⟩ + |ಎಕ್ಸ್−⟩)/√2 ಅಂದರೆ |ಝೆಡ್+⟩ ತಾನೇ. ಸಾವಿರಕ್ಕೆ ಸಾವಿರವೂ ಮೇಲೆ. ದಾರಿಯ ಗುರುತು ಉಳಿದರೆ 500, 500. ಉಳಿಯದಿದ್ದರೆ 1000, 0. ಅಂದರೆ ಕಾಂತ ಕಿರಣವನ್ನು ಸೀಳಿದ ಮಾತ್ರಕ್ಕೆ ಅಳತೆ ಮುಗಿಯಲಿಲ್ಲ. ಎಲ್ಲಾದರೂ ದಾಖಲಾದಾಗಲೇ ಅದು ಅಳತೆ. ಕಾಗದದ ಮೇಲೆ ಇದು ಒಂದೇ ಸಾಲು. ಲ್ಯಾಬ್‌ನಲ್ಲಿ ಬೆಳ್ಳಿಯ ಕಿರಣಗಳನ್ನು ಹೀಗೆ ಮತ್ತೆ ಸೇರಿಸುವುದು ಮಹಾ ಕಷ್ಟ, ಕ್ಷೇತ್ರ ಎಳ್ಳಷ್ಟು ಏರುಪೇರಾದರೂ ಫೇಸ್ ಕೆಟ್ಟುಹೋಗುತ್ತದೆ.

ಎಕ್ಸ್ ಮತ್ತು ಝೆಡ್ ಎರಡೂ ಒಟ್ಟಿಗೆ ಖಚಿತ ಇರಲು ಸಾಧ್ಯವಿಲ್ಲ ಅನ್ನುವುದನ್ನು ಮ್ಯಾಟ್ರಿಕ್ಸ್‌ಗಳೇ ಹೇಳುತ್ತವೆ. ಸಿಗ್ಮಾ-ಎಕ್ಸ್ ಮೊದಲು, ಸಿಗ್ಮಾ-ಝೆಡ್ ಆಮೇಲೆ ಗುಣಿಸಿ. ನಂತರ ತಿರುಗಿಸಿ ಗುಣಿಸಿ. ಎರಡು ಉತ್ತರಗಳ ಚಿಹ್ನೆ ವಿರುದ್ಧ. ಕ್ರಮ ಬದಲಾದರೆ ಉತ್ತರ ಬದಲಾಗುವ ಎರಡು ಅಳತೆಗಳಿಗೆ ಇಲ್ಲಿ ಸಾಮಾನ್ಯ ಐಗನ್ ಸ್ಥಿತಿ ಇಲ್ಲ.

ಅರ್ಧಕ್ಕರ್ಧ ಬಂತು ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ

ಕುಲುಮೆಯಿಂದ ನೇರ ಹೊರಬರುವ ಬೆಳ್ಳಿಯನ್ನು ಝೆಡ್‌ನಲ್ಲಿ ಅಳೆದರೆ ಅರ್ಧ ಮೇಲೆ, ಅರ್ಧ ಕೆಳಗೆ. |ಎಕ್ಸ್+⟩ ಸ್ಥಿತಿಯ ಕಿರಣವನ್ನು ಅಳೆದರೂ ಅಷ್ಟೇ. ಹಾಗಾದರೆ ಎರಡೂ ಒಂದೇನಾ? ಅಲ್ಲ. ಎಕ್ಸ್‌ನಲ್ಲಿ ಅಳೆಯಿರಿ. |ಎಕ್ಸ್+⟩ ಕಿರಣದಲ್ಲಿ ಎಲ್ಲವೂ ಪ್ಲಸ್. ಕುಲುಮೆಯ ಕಿರಣದಲ್ಲಿ ಆಗಲೂ ಅರ್ಧಕ್ಕರ್ಧ. ಅದನ್ನು ಯಾವ ಅಕ್ಷದಲ್ಲಿ ಅಳೆದರೂ ಅರ್ಧಕ್ಕರ್ಧವೇ. ಅದರ ಸರಾಸರಿ ಬಾಣದ ಉದ್ದ ಸೊನ್ನೆ, |ಎಕ್ಸ್+⟩ನದು 1. ನಡುವಿನ ಉದ್ದವೂ ಸಾಧ್ಯ, ಸ್ವಲ್ಪ ಗದ್ದಲ ಸೇರಿದ ಕಿರಣಕ್ಕೆ ಹಾಗೆ ಬರುತ್ತದೆ. |ಎಕ್ಸ್+⟩ನಂತೆ |ಝೆಡ್+⟩, |ಝೆಡ್−⟩ ಎರಡೂ ಕೂಡಿದ ಸ್ಥಿತಿಗೆ ಸೂಪರ್‌ಪೊಸಿಷನ್ ಅನ್ನುತ್ತಾರೆ. "ಸೂಪರ್‌ಪೊಸಿಷನ್ ಅಂದರೆ ಅರ್ಧ ಮೇಲಿನವು, ಅರ್ಧ ಕೆಳಗಿನವು" ಅಂತ ಹೇಳುವವರು ಬಹಳ. ಈ ಒಂದು ಎಕ್ಸ್ ಅಳತೆ ಆ ಮಾತು ತಪ್ಪು ಅಂತ ತೋರಿಸಿಬಿಡುತ್ತದೆ.

ಹೆಜ್ಜೆ 7: ಉಪಕರಣ ತಿರುಗಿಸಲು ಆಗದಿದ್ದರೆ ಸ್ಪಿನ್ ತಿರುಗಿಸಿ

ಮೊದಲು ಬಾಕಿ ಇಟ್ಟ ಪ್ರಶ್ನೆ: ವೈನಲ್ಲಿ ಅಳೆಯುವುದು ಹೇಗೆ? ಇವತ್ತಿನ ಲ್ಯಾಬ್‌ಗಳಲ್ಲಿ ಎಕ್ಸ್‌ಗೂ ಇದೇ ಪ್ರಶ್ನೆ. ಸೆಮಿಕಂಡಕ್ಟರ್‌ನ ಕ್ವಾಂಟಮ್ ಡಾಟ್‌ನಲ್ಲಿ (ಎಲೆಕ್ಟ್ರಾನ್ ಹಿಡಿದಿಡುವ ಅತಿ ಪುಟ್ಟ ಜಾಗ) ಕೂರಿಸಿದ ಒಂಟಿ ಎಲೆಕ್ಟ್ರಾನ್‌ನ ಸ್ಪಿನ್ ಅನ್ನು ಒಂದೇ ಸಲಕ್ಕೆ ಓದುವುದನ್ನು 2004ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಮಾಡಿ ತೋರಿಸಿದರು. ಅಲ್ಲಿ ಕಿರಣ ಇಲ್ಲ. ಒಂದು ಸ್ಪಿನ್‌ನ ಶಕ್ತಿ ಸ್ವಲ್ಪ ಜಾಸ್ತಿ, ಇನ್ನೊಂದರದು ಕಡಿಮೆ. ಜಾಸ್ತಿ ಇರುವುದು ಡಾಟ್‌ನಿಂದ ಹೊರಗೆ ಹಾರುತ್ತದೆ, ಕಡಿಮೆ ಇರುವುದು ಅಲ್ಲೇ ಉಳಿಯುತ್ತದೆ. ಪಕ್ಕದ ಸೂಕ್ಷ್ಮ ಸಂವೇದಕ ಚಾರ್ಜ್ ಹೋಯಿತಾ ಇಲ್ಲವಾ ಅಂತ ನೋಡುತ್ತದೆ. ಇಲ್ಲಿ ಓದುವ ಅಕ್ಷ ಯಾವಾಗಲೂ ಕಾಂತಕ್ಷೇತ್ರದ ದಿಕ್ಕೇ, ಅಂದರೆ ನಮ್ಮ ಝೆಡ್.

ಬೇರೆ ಅಕ್ಷ ಬೇಕಾದರೆ ಆ ಅಕ್ಷವನ್ನು ಝೆಡ್‌ಗೆ ತರುವಂತೆ ಸ್ಪಿನ್ ತಿರುಗಿಸಿ, ಆಮೇಲೆ ಝೆಡ್‌ನಲ್ಲಿ ಅಳೆಯಬೇಕು. ಎಕ್ಸ್ ಬೇಕಾದರೆ ವೈ ಸುತ್ತ −90 ಡಿಗ್ರಿ. ವೈ ಬೇಕಾದರೆ ಎಕ್ಸ್ ಸುತ್ತ +90 ಡಿಗ್ರಿ. ತಿರುಗಿಸುವ ಕೆಲಸ ಕಾಂತಕ್ಷೇತ್ರದ್ದು ಅಥವಾ ಮೈಕ್ರೋವೇವ್ ಪಲ್ಸ್‌ನದ್ದು. ಎಲೆಕ್ಟ್ರಾನ್ ಸ್ಪಿನ್ ಒಂದು ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 2,800 ಕೋಟಿ ಸುತ್ತು ಸುತ್ತುತ್ತದೆ, ಅಂದರೆ 28 ಗಿಗಾಹರ್ಟ್ಸ್. ಒಂದು ಮಿಲಿಟೆಸ್ಲಾದಲ್ಲಿ 28 ಮೆಗಾಹರ್ಟ್ಸ್. ಒಂದು ಸುತ್ತಿಗೆ ಸುಮಾರು 36 ನ್ಯಾನೋಸೆಕೆಂಡ್, ಕಾಲು ಸುತ್ತಿಗೆ 9. ಅಂದರೆ ಎಕ್ಸ್ ದಿಕ್ಕಿನಲ್ಲಿ ಒಂದು ಮಿಲಿಟೆಸ್ಲಾ ಕ್ಷೇತ್ರವನ್ನು ಸುಮಾರು 9 ನ್ಯಾನೋಸೆಕೆಂಡ್ ಕೊಟ್ಟರೆ, ಬೇರೆ ಕ್ಷೇತ್ರ ಇಲ್ಲದಿದ್ದಲ್ಲಿ, ವೈ ದಿಕ್ಕು ಝೆಡ್‌ಗೆ ಬರುತ್ತದೆ.

ನಮ್ಮ ಸ್ಥಿತಿಯಲ್ಲೇ ಇದನ್ನು ಪರೀಕ್ಷಿಸೋಣ. ಎಕ್ಸ್ ಸುತ್ತ 90 ಡಿಗ್ರಿ ತಿರುಗಿಸುವ ಮ್ಯಾಟ್ರಿಕ್ಸ್: ಮೊದಲ ಸಾಲು (1, −ಐ), ಎರಡನೇ ಸಾಲು (−ಐ, 1), ಎಲ್ಲವನ್ನೂ √2ರಿಂದ ಭಾಗಿಸಿ. (3/5, 4ಐ/5) ಮೇಲೆ ಹಾಕಿದರೆ ಮೊದಲ ಸಂಖ್ಯೆ (3/5 + 4/5)/√2 = 7/(5√2). ವರ್ಗ 0.98. ಹೆಜ್ಜೆ 4ರಲ್ಲಿ ವೈ+ಗೆ ಬಂದದ್ದೂ ಇದೇ ಸಂಖ್ಯೆ, ಅಲ್ವಾ? ಉಪಕರಣ ತಿರುಗಿಸುವುದಕ್ಕೂ ಸ್ಪಿನ್ ತಿರುಗಿಸುವುದಕ್ಕೂ ಲೆಕ್ಕದಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ.

ಅರ್ಧ ಕೋನ ಇಲ್ಲೂ ತಲೆ ಹಾಕುತ್ತದೆ. ಸ್ಪಿನ್ ಅನ್ನು 360 ಡಿಗ್ರಿ ತಿರುಗಿಸಿದರೆ ಸ್ಥಿತಿ −1ರಿಂದ ಗುಣಿಸಿದಂತಾಗುತ್ತದೆ. ಮೊದಲಿನ ಹಾಗೇ ಆಗಲು 720 ಡಿಗ್ರಿ ಬೇಕು. ಒಂಟಿ ಸ್ಪಿನ್‌ನಲ್ಲಿ ಆ ಮೈನಸ್ ಕಾಣುವುದಿಲ್ಲ. ಕಿರಣವನ್ನು ಎರಡು ಮಾಡಿ ಒಂದನ್ನು ಮಾತ್ರ ತಿರುಗಿಸಿ ಮತ್ತೆ ಸೇರಿಸಿದರೆ ಕಾಣುತ್ತದೆ. ಎಲೆಕ್ಟ್ರಾನ್‌ನಷ್ಟೇ ಸ್ಪಿನ್ ಇರುವ ನ್ಯೂಟ್ರಾನ್‌ನಲ್ಲಿ 1975ರಲ್ಲಿ ಇದನ್ನು ಪ್ರಯೋಗದಿಂದ ಕಂಡರು.

ಹೆಜ್ಜೆ 8: ಸ್ಥಿತಿಯೇ ಗೊತ್ತಿಲ್ಲದಿದ್ದರೆ

ಇಲ್ಲಿಯವರೆಗೆ ಸ್ಥಿತಿ ಗೊತ್ತಿತ್ತು. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಒಂದು ಮೂಲದಿಂದ ಒಂದೇ ರೀತಿಯ ಎಲೆಕ್ಟ್ರಾನ್‌ಗಳು ಬರುತ್ತಿವೆ, ಅವುಗಳ ಸ್ಥಿತಿ ಏನು ಅಂತ ಕಂಡುಹಿಡಿಯಬೇಕು. ಒಂದೇ ಎಲೆಕ್ಟ್ರಾನ್‌ನಿಂದ ಇದು ಆಗುವುದಿಲ್ಲ. ಮೊದಲ ಅಳತೆಯಲ್ಲೇ ಹಳೆಯ ಸ್ಥಿತಿ ಹೋಯಿತು. ಅಳೆಯುವ ಮೊದಲು ನಕಲು ಮಾಡಿಕೊಳ್ಳೋಣ ಅಂದರೆ, ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ನಿಯಮಗಳೇ ಬಿಡುವುದಿಲ್ಲ.

ಹಾಗಾಗಿ ಎಲೆಕ್ಟ್ರಾನ್‌ಗಳನ್ನು ಮೂರು ಗುಂಪು ಮಾಡಿ. ಒಂದು ಗುಂಪನ್ನು ಎಕ್ಸ್‌ನಲ್ಲಿ, ಇನ್ನೊಂದನ್ನು ವೈನಲ್ಲಿ, ಮತ್ತೊಂದನ್ನು ಝೆಡ್‌ನಲ್ಲಿ ಅಳೆಯಿರಿ. ಒಂದೇ ಎಲೆಕ್ಟ್ರಾನ್ ಅನ್ನು ಮೂರರಲ್ಲೂ ಸಾಲಾಗಿ ಅಳೆದರೆ ಎರಡನೇ, ಮೂರನೇ ಉತ್ತರಗಳಿಗೆ ಬೆಲೆ ಇಲ್ಲ. ಝೆಡ್ ಗುಂಪಿನ 10,000ರಲ್ಲಿ 3,600 ಪ್ಲಸ್, 6,400 ಮೈನಸ್ ಬಂತು ಅನ್ನೋಣ. ಸರಾಸರಿ (3,600 − 6,400)/10,000 = −0.28. ಹೀಗೇ ಎಕ್ಸ್, ವೈ. ಮೂರೂ ಸೇರಿ ಬಾಣ. ಬಾಣದಿಂದ ಥೀಟಾ, ಫೈ. ಅಲ್ಲಿಂದ ಹೆಜ್ಜೆ 3ರ ಸೂತ್ರ ಹಾಕಿದರೆ ಎ ಮತ್ತು ಬಿ.

ಎಷ್ಟು ಸಲ ಅಳೆಯಬೇಕು? ಸರಾಸರಿಯಲ್ಲಿ ಬರುವ ಏರುಪೇರು ಹೆಚ್ಚೆಂದರೆ 1/√ಸಂಖ್ಯೆ. 100 ಸಲ ಅಳೆದರೆ 0.1, 10,000 ಸಲ ಅಳೆದರೆ 0.01. ಹತ್ತು ಪಟ್ಟು ನಿಖರತೆಗೆ ನೂರು ಪಟ್ಟು ಕೆಲಸ. ಈ ಏರುಪೇರಿನಿಂದ ಬಾಣದ ಉದ್ದ ಕೆಲವೊಮ್ಮೆ 1.01 ಹೀಗೆ 1ನ್ನು ಮೀರುತ್ತದೆ. ಗಾಬರಿ ಬೇಡ. ಉದ್ದ 1 ಮೀರದ, ಎಣಿಕೆಗಳಿಗೆ ಅತಿ ಹತ್ತಿರದ ಬಾಣವನ್ನು ತೆಗೆದುಕೊಳ್ಳಿ. ಆದರೆ ಉದ್ದ 0.7 ಬಂದರೆ ಅದನ್ನು ಎಳೆದು 1 ಮಾಡಬೇಡಿ. ಅದು ನಿಜವಾಗಿ ಗದ್ದಲ ಸೇರಿದ ಸ್ಥಿತಿ ಇರಬಹುದು, ಅಥವಾ ಉಪಕರಣ ಕೆಲವು ಪ್ಲಸ್‌ಗಳನ್ನು ಮೈನಸ್ ಅಂತ ಓದುತ್ತಿರಬಹುದು. ಗೊತ್ತಿರುವ |ಝೆಡ್+⟩ ಕಳಿಸಿ ಎಷ್ಟು ತಪ್ಪು ಓದುತ್ತದೆ ಅಂತ ಮೊದಲೇ ನೋಡಿಟ್ಟುಕೊಂಡಿದ್ದರೆ ಎರಡನ್ನೂ ಬೇರೆ ಮಾಡಬಹುದು.

ಎರಡು ಎಲೆಕ್ಟ್ರಾನ್ ಬಂದರೆ

ಸಿಂಗ್ಲೆಟ್ ಅನ್ನುವ ಜೋಡಿ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್‌ಗಳನ್ನು ಒಂದೇ ಅಕ್ಷದಲ್ಲಿ ಅಳೆದರೆ, ಆ ಅಕ್ಷ ಯಾವುದೇ ಇರಲಿ, ಉತ್ತರಗಳು ಯಾವಾಗಲೂ ವಿರುದ್ಧ. ಬೇರೆ ಬೇರೆ ಅಕ್ಷದಲ್ಲಿ ಅಳೆಯಲು ಹೊಸ ಸೂತ್ರ ಬೇಡ. ಮೊದಲನೆಯದರಲ್ಲಿ ಪ್ಲಸ್ ಬಂದರೆ ಎರಡನೆಯದು ಅದೇ ಅಕ್ಷದ ಮೈನಸ್ ಸ್ಥಿತಿಯಲ್ಲಿದೆ ಅಂತ ಬರೆದುಕೊಂಡು ಅರ್ಧ ಕೋನದ ಲೆಕ್ಕ ಹಾಕಿ. ಅಕ್ಷಗಳ ನಡುವೆ 120 ಡಿಗ್ರಿ ಇದ್ದರೆ ಎರಡೂ ಕಡೆ ಒಂದೇ ಉತ್ತರ ಬರುವ ಸಂಭವ 60 ಡಿಗ್ರಿಯ ಸೈನ್ ವರ್ಗ, ಅಂದರೆ 0.75. ಪ್ರತಿ ಎಲೆಕ್ಟ್ರಾನ್ ತನ್ನ ಉತ್ತರವನ್ನು ಮೊದಲೇ ಹೊತ್ತು ತಂದಿರುತ್ತದೆ ಅನ್ನುವ ಸರಳ ಊಹೆ ನಿಲ್ಲುವುದಿಲ್ಲ ಅಂತ ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದ ಪ್ರಸಿದ್ಧ ಫಲಿತಾಂಶ ನಿಂತಿರುವುದು ಇಂಥ ಸಂಖ್ಯೆಗಳ ಮೇಲೆಯೇ.

ಕೈಯಾರೆ ಮಾಡಿ ನೋಡಲು ಒಂದು ಲೆಕ್ಕ

|ಝೆಡ್+⟩ ಕಿರಣ ಇದೆ. ಅದನ್ನು ಪೂರ್ತಿ ತಲೆಕೆಳಗು ಮಾಡಿ |ಝೆಡ್−⟩ ಪಡೆಯಬೇಕು. ಆದರೆ ಸ್ಪಿನ್ ತಿರುಗಿಸುವ ಕ್ಷೇತ್ರ ಬಳಸುವಂತಿಲ್ಲ, ಬರೀ ಅಳತೆಗಳಿಂದಲೇ ಮಾಡಬೇಕು. ಪ್ರತಿ ಉಪಕರಣದಲ್ಲೂ ಪ್ಲಸ್ ಬಂದವನ್ನು ಮಾತ್ರ ಮುಂದೆ ಬಿಡಬೇಕು.

ನೇರವಾಗಿ 180 ಡಿಗ್ರಿಗೆ ಇಟ್ಟ ಒಂದೇ ಉಪಕರಣದಿಂದ ಒಂದೂ ಪಾರಾಗುವುದಿಲ್ಲ. 90 ಡಿಗ್ರಿಗೆ ಒಂದು, 180ಕ್ಕೆ ಒಂದು ಇಟ್ಟರೆ 0.5 × 0.5, ನೂರಕ್ಕೆ 25 ಪಾರು. ಈಗ ಹತ್ತು ಹತ್ತು ಡಿಗ್ರಿ ವಾಲಿಸುತ್ತಾ 18 ಉಪಕರಣ ಇಡಿ. ಪ್ರತಿ ಹೆಜ್ಜೆಯಲ್ಲೂ 5 ಡಿಗ್ರಿಯ ಕೊಸೈನ್ ವರ್ಗ, ಅಂದರೆ 0.9924. ಅದನ್ನು 18 ಸಲ ಗುಣಿಸಿದರೆ 0.872. ಒಂದೊಂದೇ ಡಿಗ್ರಿಯ 180 ಉಪಕರಣಗಳಾದರೆ 0.986. ಅಳತೆ ಹೆಚ್ಚಿದಷ್ಟೂ ನಷ್ಟ ಕಡಿಮೆ! ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಸಣ್ಣ ಕೋನಕ್ಕೆ ಕೊಸೈನ್ ವರ್ಗ ಎಷ್ಟು ಇಳಿಯುತ್ತದೆ ಅಂತ ಬರೆದು ನೋಡಿ. ಇಳಿತ ಕೋನದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕೋನ ಹತ್ತನೇ ಒಂದು ಆದರೆ ಪ್ರತಿ ಹೆಜ್ಜೆಯ ನಷ್ಟ ನೂರನೇ ಒಂದು ಆಗುತ್ತದೆ, ಹೆಜ್ಜೆಗಳು ಮಾತ್ರ ಹತ್ತೇ ಪಟ್ಟು.